ಮಿಲರ್ನ್‌ಟೋರ್‌ನ ಬಾಗಿಲಿನಿಂದ ತಿರುಗಿ ಬಂದದ್ದು

ಮಂಗಳೂರು

ಚಿರಂಜೀವಿ ಮಗಳಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನು ಅಣ್ಣ, ಅತ್ತಿಗೆ ನಿನಗೆ ದಿನವೂ ಹೇಳುತ್ತಿರುವುದರಿಂದ ಅದನ್ನೇ ಬರೆದು ಕಾಗದ ತುಂಬಿಸುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿದ್ದ ಒಂದು ಮಾತು ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವಳು ಹ್ಯಾಂಬರ್ಗಿನ ಸೇಂಟ್ ಪೌಲಿ ಫುಟ್‌ಬಾಲ್ ಕ್ಲಬ್ಬಿನ ಪಂದ್ಯಕ್ಕೆ ಟಿಕೆಟ್ ಕೊಟ್ಟಿದ್ದಾಳೆಂದೂ, ಆದರೆ ಅಷ್ಟು ಜನರ ನಡುವೆ ನಿನ್ನ ಮೈಬಣ್ಣ ನೋಡಿ ‘ಇವಳಿಗೆ ಇಲ್ಲೇನು ಕೆಲಸ’ ಎಂದು ಯಾರಾದರೂ ಅಂದಾರೆಂಬ ಅಂಜಿಕೆಯಿಂದ ಅದನ್ನು ಹಿಂದಿರುಗಿಸಬೇಕೆಂದಿರುವೆಯೆಂದೂ ಬರೆದಿದ್ದೀಯ. ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ಇದಕ್ಕಾಗಿ ನಿನಗೆ ಹೇಳಬೇಕಾಗಿದೆ.

1985ರ ಚಳಿಗಾಲದಲ್ಲಿ ನಮ್ಮ ಹಡಗು ಎಂಟು ದಿನ ಹ್ಯಾಂಬರ್ಗಿನ ಧಕ್ಕೆಯಲ್ಲಿತ್ತು. ಅಲ್ಲಿ ಕ್ರೇನ್ ನಡೆಸುತ್ತಿದ್ದವನೊಬ್ಬನ ಪರಿಚಯವಾಗಿ, ನಾನು ನೆಹರೂ ಮೈದಾನದಲ್ಲಿ ಫುಟ್‌ಬಾಲ್ ನೋಡುತ್ತ ಬೆಳೆದವನೆಂದು ತಿಳಿದ ಕೂಡಲೇ ಅವನು ಅದೇ ಸೇಂಟ್ ಪೌಲಿಯ ಮಿಲರ್ನ್‌ಟೋರ್ ಕ್ರೀಡಾಂಗಣದ ಪಂದ್ಯಕ್ಕೆ ಎರಡು ಟಿಕೆಟ್ ಕೊಂಡು ಒಂದನ್ನು ನನ್ನ ಕೈಗಿಟ್ಟ. ಅದಕ್ಕೆ ಹದಿನೈದು ದಿನ ಮುಂಚೆ, ಬೇರೊಂದು ಬಂದರಿನ ರೈಲು ನಿಲ್ದಾಣದಲ್ಲಿ, ತಲೆ ಬೋಳಿಸಿಕೊಂಡ ನಾಲ್ಕು ಹುಡುಗರು ನಮ್ಮ ಹಡಗಿನ ಅಡುಗೆಯವನ ಮುಖಕ್ಕೆ ಉಗುಳಿದ್ದರು. ಪಂದ್ಯದ ದಿನ ಕ್ರೀಡಾಂಗಣದ ಪಕ್ಕದ, ಯುದ್ಧಕಾಲದ ಆ ದೈತ್ಯ ಕಾಂಕ್ರೀಟ್ ಬಂಕರಿನ ಗೋಡೆಗೊರಗಿ, ಬಾಗಿಲಿನತ್ತ ಸಾಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತೆ. ಸಾಸಿವೆ ಹಚ್ಚಿದ ಸಾಸೇಜಿನ ವಾಸನೆ ಬರುತ್ತಿತ್ತು. ಕೋಟಿನ ಜೇಬಿನಲ್ಲಿ ಮುಷ್ಟಿಯೊಳಗಿದ್ದ ಟಿಕೆಟ್ ಬೆವರಿಗೆ ಮೆತ್ತಗಾಗಿ, ಅದರ ಮಸಿ ಹೆಬ್ಬೆರಳಿಗೆ ಅಂಟಿತ್ತು. ಒಳಗಿನಿಂದ ಮೊದಲ ಕೇಕೆ ಕೇಳಿದಾಗ ತಿರುಗಿ ಹಡಗಿಗೆ ನಡೆದುಬಿಟ್ಟೆ. ಇಂಜಿನ್ ಕೋಣೆಯಲ್ಲಿ ಪಾಳಿಯಿತ್ತೆಂದು ಮರುದಿನ ಅವನಿಗೆ ಸುಳ್ಳು ಹೇಳಿದೆ. ಅವನು ನನ್ನ ಹೆಬ್ಬೆರಳನ್ನು ನೋಡಿದನೋ ಇಲ್ಲವೋ, ಏನೂ ಅನ್ನದೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ.

ನನ್ನನ್ನು ಆ ದಿನ ಯಾರೂ ಏನೂ ಅನ್ನಲಿಲ್ಲ, ಮಗಳೇ. ಅನ್ನುವ ಮೊದಲೇ ನಾನೇ ನನಗೆ ಅಂದುಕೊಂಡಿದ್ದೆ.

ಹಾಗೆಂದು ನಿನ್ನ ಭಯ ಸುಳ್ಳೆಂದು ನಾನು ಬರೆಯಲಾರೆ. ಆ ಕಾಲದಲ್ಲಿ ಜರ್ಮನಿಯ ಎಷ್ಟೋ ಕ್ರೀಡಾಂಗಣಗಳಲ್ಲಿ ನವನಾಜಿ ಪುಂಡರ ಹಾವಳಿಯಿದ್ದದ್ದು ನಿಜ. ಆದರೆ ಬಂದರಿನ ಹಾಫೆನ್‌ಸ್ಟ್ರಾಸೆ ಎಂಬ ಬೀದಿಯ ಖಾಲಿ ಮನೆಗಳಲ್ಲಿ ಬೀಡುಬಿಟ್ಟಿದ್ದ ಹುಡುಗರು ತಲೆಬುರುಡೆಯ ಬಾವುಟ ಹಿಡಿದು, ಆ ಪುಂಡರಿಗೆ ಎದುರಾಗಿ ಇದೇ ಮಿಲರ್ನ್‌ಟೋರ್‌ಗೆ ಬರತೊಡಗಿದ್ದೂ ಆ ವರ್ಷಗಳಲ್ಲೇ ಎಂಬುದನ್ನು ನಾನು ಬಹಳ ತಡವಾಗಿ ಓದಿ ತಿಳಿದೆ. 1910ರ ಆ ಕ್ಲಬ್ಬು ಹುಟ್ಟಿನಿಂದಲೇ ಹೀಗಿರಲಿಲ್ಲ. ಕ್ರೀಡಾಂಗಣಕ್ಕೆ 1970ರಲ್ಲಿ ಹಳೆಯ ಅಧ್ಯಕ್ಷ ವಿಲ್‌ಹೆಲ್ಮ್ ಕೋಖ್ ಅವರ ಹೆಸರಿಟ್ಟಿದ್ದರು. ಅವರು ನಾಜಿ ಪಕ್ಷದ ಸದಸ್ಯರಾಗಿದ್ದರೆಂದು ಗೊತ್ತಾದ ಮೇಲೆ, 1998ರಲ್ಲಿ ಕ್ಲಬ್ಬಿನ ಸದಸ್ಯರೇ ಮತ ಹಾಕಿ ಆ ಹೆಸರನ್ನು ತೆಗೆಸಿದರು. ಜನಾಂಗದ್ವೇಷದ ಘೋಷಣೆಗಳನ್ನು ಮೈದಾನದೊಳಗೆ ನಿಷೇಧಿಸುವ ನಿಯಮವನ್ನು 1991ರಲ್ಲೇ ತಂದಿದ್ದರು, ಜರ್ಮನಿಯಲ್ಲಿ ಅದಕ್ಕೆ ಮೊದಲಿಗರು ಅವರೇ. ನಾನು ಹೆದರಿ ತಿರುಗಿದ ಆ ಬಾಗಿಲಿನ ಒಳಗೆ ನನ್ನ ಪರ ನಿಲ್ಲುವವರೂ ಇದ್ದರೆಂದು ಈಗ ಅನ್ನಿಸುತ್ತದೆ. ಇದ್ದರೋ ಇಲ್ಲವೋ, ಒಳಗೆ ಹೋಗದವನಿಗೆ ಹೇಗೆ ತಿಳಿಯಬೇಕು?

ಅಲ್ಲಿ ಯಾರೂ ನಿನ್ನನ್ನು ತಿರುಗಿ ನೋಡುವುದಿಲ್ಲವೆಂದು ನಾನು ಮಾತು ಕೊಡಲಾರೆ. 29,546 ಜನ ಹಿಡಿಯುವ ಜಾಗದಲ್ಲಿ ಒರಟರು ನಾಲ್ವರಾದರೂ ಇದ್ದಾರು. ಯಾರಾದರೂ ಏನಾದರೂ ಅಂದರೆ ನುಂಗಿಕೊಳ್ಳಬೇಡ, ಪಕ್ಕದವರಿಗೆ ಹೇಳು. ನಾನು ಹೇಳದೆ ಕೆಟ್ಟವನು.

ಉಳಿದ ವಿಷಯಗಳಲ್ಲಿ ನಿನಗೆ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ, ನಾನು ಗೋಡೆಯವರೆಗೆ ಮಾತ್ರ ಹೋದವನು. ಆದರೂ ಬರೆಯುತ್ತೇನೆ. ಗೋಲಿನ ಹಿಂದಿನ ದಕ್ಷಿಣದ ಸ್ಟ್ಯಾಂಡಿನಲ್ಲಿ ಬಾವುಟ, ಡೋಲುಗಳ ಗದ್ದಲ ಹೆಚ್ಚಂತೆ. ನಿನ್ನ ಟಿಕೆಟ್ ಗೇಗೆನ್‌ಗೆರಾಡೆಯದೆಂದು ಬರೆದಿದ್ದೀಯ, ಮೈದಾನದ ಉದ್ದಕ್ಕಿರುವ ಆ ಬದಿಯೇ ಮೊದಲ ಸಲಕ್ಕೆ ಒಳ್ಳೆಯದು. ಅಲ್ಲಿಯೂ ಹೆಚ್ಚಿನವರು ನಿಂತೇ ನೋಡುವುದರಿಂದ ದಪ್ಪ ಕಾಲುಚೀಲ ಹಾಕಿಕೋ. ದೊಡ್ಡ ಚೀಲ ಒಯ್ಯಬೇಡ. ಪಾನೀಯದ ಲೋಟಕ್ಕೆ ಕಟ್ಟಿದ ಠೇವಣಿ ಹಿಂದಕ್ಕೆ ಪಡೆಯದೆ, ವಿವಾ ಕಾನ್ ಆಗುವಾ ಎಂಬ ಸಂಸ್ಥೆಯ ಡಬ್ಬಿಗೆ ಲೋಟವನ್ನೇ ಹಾಕುವವರಿದ್ದಾರೆ; ಕುಡಿಯುವ ನೀರಿನ ಕೆಲಸಕ್ಕಾಗಿ ಅದನ್ನು ಶುರುಮಾಡಿದವನು ಅದೇ ಕ್ಲಬ್ಬಿನ ಆಗಿನ ಆಟಗಾರ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರಬಹುದು, ಬೇಸರ ಮಾಡಿಕೊಳ್ಳಬೇಡ.

ಮತ್ತೆ ಅಲ್ಲಿಗೇ ಬರುತ್ತಿದ್ದೇನೆ: ನಿನ್ನ ಜೊತೆಗಾತಿ ಪಕ್ಕದಲ್ಲಿ ಜಾಗ ಹಿಡಿದು ಕಾಯುತ್ತಿರುತ್ತಾಳೆ. ನಲವತ್ತು ವರ್ಷವಾದರೂ, ಕ್ರೇನಿನವನು ಆ ದಿನ ಎಷ್ಟು ಹೊತ್ತು ಬಾಗಿಲ ಕಡೆ ನೋಡಿದನೋ ಎಂಬುದು ನನ್ನ ತಲೆಯಿಂದ ಹೋಗಿಲ್ಲ. ನಾಲ್ಕೂ ಬದಿಯ ಸ್ಟ್ಯಾಂಡುಗಳನ್ನು ಕೆಡವಿ ಹೊಸದಾಗಿ ಕಟ್ಟಿದ್ದಾರಾದ್ದರಿಂದ ಆ ಬಾಗಿಲು ಈಗಿಲ್ಲ, ಬಂಕರ್ ಮಾತ್ರ ಇದೆ.

ಹೋಗುವುದಾದರೆ, ಆಟ ಮುಗಿದ ಮೇಲೆ ಫೋನು ಮಾಡು. ಚಳಿಗಾಲದಲ್ಲಿ ನಮ್ಮ ಗಡಿಯಾರ ನಾಲ್ಕೂವರೆ ತಾಸು ಮುಂದಿರುತ್ತದೆ. ಎಷ್ಟು ಹೊತ್ತಾದರೂ ನಾನು ಎಚ್ಚರವಾಗಿರುತ್ತೇನೆ.

ಇಂತು ನಿನ್ನ
ಚಿಕ್ಕಪ್ಪ