ಗೆಳೆಯಾ, ನಿನ್ನ ಕೈಯ ಫೋಟೊ

ಗೆಳೆಯಾ,

ಓಡಿ ಮುಗಿಸಿದೆ ಕಣೋ. 21 ಕಿಲೋಮೀಟರ್, ಮೇಲೆ ಆ 97 ಮೀಟರ್ ಚಿಲ್ಲರೆ. ಎರಡು ಗಂಟೆ ನಲವತ್ತೊಂದು ನಿಮಿಷ ಹಿಡಿಯಿತು. ಪದಕದ ಫೋಟೊ ಕಳಿಸಿದರೆ "ಛತ್ರಿ ಎಲ್ಲಿ?" ಅಂತ ನಮ್ಮಿಬ್ಬರ ಆ ಹಳೇ ತಮಾಷೆಯ ಒಂದೇ ಸಾಲು ಬರೆದೆಯಲ್ಲ, ಮನೆಗೆ ಬರುವ ದಾರಿಯುದ್ದಕ್ಕೂ ನಗುತ್ತಿದ್ದೆ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಗಾಗಿದೆ, ತೊಡೆಸಂದು ಉಜ್ಜಿ ಉಜ್ಜಿ ಉರಿಯುತ್ತಿದೆ, ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಇಷ್ಟು ಬಿಟ್ಟರೆ ಆರಾಮ.

ಈ ಓಟದ ಹೆಸರಿನಲ್ಲಿ ಕಿಡ್ನಿ ರೋಗಿಗಳಿಗೆ ಹಣ ಕೊಟ್ಟವರಿಗೆಲ್ಲ ಇಲ್ಲಿಂದಲೇ ಕೈ ಮುಗಿಯುತ್ತೇನೆ. ಸೇರಿದ ಮೊತ್ತದಲ್ಲಿ ಒಬ್ಬರ ಒಂದು ವರ್ಷದ ಡಯಾಲಿಸಿಸ್ ನಡೆಯುತ್ತದೆ. ವಾರಕ್ಕೆ ಮೂರರಂತೆ 156 ಸಲ. ಈ ಲೆಕ್ಕ ನಿನಗೆ ಹೇಳಿಕೊಡಬೇಕಾಗಿಲ್ಲ, ಓದುತ್ತಿರುವ ಉಳಿದವರಿಗೆ ಹೇಳಿದೆ.

ನಿನಗೆ ಹೇಳಬೇಕಾದದ್ದು ಬೇರೆ.

14ನೇ ಕಿಲೋಮೀಟರಿನಲ್ಲಿ ಒಂದು ನೀರಿನ ಮೇಜು ಇತ್ತು. ಓಡುತ್ತಲೇ ಲೋಟ ಎತ್ತಿಕೊಂಡು, ಒಂದು ಗುಟುಕು ಕುಡಿದು, ಮಿಕ್ಕಿದ್ದನ್ನು ತಲೆಗೆ ಸುರಿದುಕೊಂಡು ಲೋಟ ಬಿಸಾಡಿ ಹೋಗುವುದು ಅಲ್ಲಿನ ಪದ್ಧತಿ. ಹಿಂದಿನ ಮೇಜುಗಳಲ್ಲಿ ನಾನೂ ಹಾಗೇ ಮಾಡಿದ್ದೆ. ಇಲ್ಲಿ ನನ್ನ ಮುಂದಿದ್ದವರು ಎಸೆದ ಲೋಟದ ನೀರು ನನ್ನ ಶೂ ಮೇಲೆ ಚೆಲ್ಲಿತು. ಬಗ್ಗಿ ನೋಡಿದರೆ ರಸ್ತೆ ತುಂಬ ಕಾಗದದ ಲೋಟಗಳು, ಎಲ್ಲವೂ ಅರ್ಧ ಕುಡಿದವು. ಕಾಲಿಟ್ಟಲ್ಲೆಲ್ಲ ಚಪ್ಪಟೆಯಾಗಿ ನೀರು ಹರಿಯುತ್ತಿತ್ತು.

ತಟ್ಟನೆ ನಿನ್ನ ಬಾಟಲಿ ನೆನಪಾಯಿತು. ಪೆನ್ನಿನಲ್ಲಿ ಗೆರೆ ಎಳೆದ ಬಾಟಲಿ. ಬೆಳಗಿನ ಮಾತ್ರೆಗೆ ಇಲ್ಲಿಯವರೆಗೆ, ಮಧ್ಯಾಹ್ನಕ್ಕೆ ಇಲ್ಲಿಯವರೆಗೆ. ಬಾಯಾರಿಕೆ ತಡೆಯದಾದಾಗ ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಂಡು, ಅದು ಕರಗುವವರೆಗೂ ಮಾತಾಡದೆ ಕೂತಿರುತ್ತಿದ್ದೆ. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲೇ ಉಳಿಯುತ್ತದೆ, ಕಾಲಿಗೆ ಇಳಿಯುತ್ತದೆ, ಹೆಚ್ಚಾದರೆ ಉಸಿರಿಗೇ ಬರುತ್ತದೆ ಅಂತ ನೀನೇ ಹೇಳಿದ್ದು. ನಾನು ಓಡುತ್ತಿದ್ದದ್ದು ನಿನ್ನಂಥವರಿಗಾಗಿ, ಓಡುತ್ತಿದ್ದದ್ದು ಆ ನೀರಿನ ಮೇಲೆ.

ನಿಂತುಬಿಟ್ಟೆ. ಮೇಜಿನ ಹಿಂದಿದ್ದ ಹುಡುಗಿ ಇನ್ನೊಂದು ಲೋಟ ಹಿಡಿದು "ತಗೊಳ್ಳಿ ಸರ್" ಅಂದಳು. ತಳದವರೆಗೆ ಕುಡಿದು, ಖಾಲಿ ಲೋಟವನ್ನು ಅವಳ ಕೈಗೇ ಕೊಟ್ಟೆ. ಅಲ್ಲಿಂದ ಕೊನೆಯವರೆಗೆ ತಲೆಯಲ್ಲಿ ಒಂದೇ ವಿಷಯ. ಆ ಫೋಟೊ.

ಓಟಕ್ಕೆ ಎರಡು ವಾರ ಇರುವಾಗ ಗುರಿಯ ಕಾಲುಭಾಗವೂ ಸೇರಿರಲಿಲ್ಲ. ಕಿಡ್ನಿ ಕಾಯಿಲೆ ಬಗ್ಗೆ ಬರೆದೆ, ಬೆಳಗಿನ ಜಾವ ಎದ್ದು ಓಡುವುದನ್ನು ಬರೆದೆ. ಜನ ಲೈಕ್ ಒತ್ತಿದರು, ಮುಂದೆ ಹೋದರು. ಆಗ ಫೋನಿನಲ್ಲಿದ್ದ ನಿನ್ನ ಎಡಗೈ ಫೋಟೊ ತೆಗೆದೆ. ನನ್ನ ಬೆರಳನ್ನು ನಿನ್ನ ಫಿಸ್ಟುಲಾ ಮೇಲೆ ಇಡಿಸಿಕೊಂಡ ದಿನದ್ದು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಜಾಗ ಅದು. ಹಗ್ಗದಂತೆ ಉಬ್ಬಿದ ರಕ್ತನಾಳ, ಅದರ ಮೇಲೆ ಸೂಜಿ ಚುಚ್ಚಿದ ಕಲೆಗಳ ಎರಡು ಸಾಲು. ಮುಟ್ಟಿದರೆ ಒಳಗೆ ರಕ್ತ ಗುಂಯ್ ಅಂತ ಹರಿಯುವುದು ಬೆರಳಿಗೆ ಗೊತ್ತಾಗುತ್ತಿತ್ತು, ಗುರುಗುಡುವ ಬೆಕ್ಕಿನ ಮೈ ಮುಟ್ಟಿದ ಹಾಗೆ. "ಈ ಸದ್ದು ನಿಂತರೆ ಆಸ್ಪತ್ರೆಗೆ ಓಡಬೇಕು" ಅಂದಿದ್ದೆ ನೀನು. ಆ ಮಾತನ್ನೂ ಸೇರಿಸಿ, "ನನ್ನ ಗೆಳೆಯನೊಬ್ಬನ ಕೈ" ಅಂತ ಬರೆದು ಹಾಕಿದೆ. ಮುಖ ಇರಲಿಲ್ಲ, ಹೆಸರೂ ಇರಲಿಲ್ಲ. ಎರಡೇ ದಿನದಲ್ಲಿ ಗುರಿ ದಾಟಿತು.

ನಿನ್ನನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ ಬೇಡ ಅಂದುಬಿಡುತ್ತೀಯ ಅನ್ನುವ ಭಯ ಇತ್ತು.

ಒಲಿವೋಲಾ ಮತ್ತು ಶಫೀರ್ ಅನ್ನುವ ಇಬ್ಬರು ಸಂಶೋಧಕರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಸುಖವಾಗಿ ಕೂತು ಮಾಡುವ ಕೆಲಸಕ್ಕಿಂತ, ಮೈ ನೋಯಿಸಿಕೊಂಡು ಮಾಡುವ ಕೆಲಸ ಎದುರಿಗಿದ್ದಾಗ ಜನ ದಾನಕ್ಕೆ ಹೆಚ್ಚು ಕೊಡಲು ಸಿದ್ಧರಾಗುತ್ತಾರಂತೆ. ನೋವಿಗೆ ಅಷ್ಟು ಬೆಲೆ. ನನ್ನ ನೋವು ಸಾಲದೆ ಬಂದಾಗ ನಾನು ನಿನ್ನದನ್ನು ಎತ್ತಿಕೊಂಡೆ.

ನಿನಗೆ ಟೆರ್ರಿ ಫಾಕ್ಸ್ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಮೂಳೆ ಕ್ಯಾನ್ಸರ್‌ಗೆ ಬಲಗಾಲು ಕಳೆದುಕೊಂಡ ಹುಡುಗ, 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಿಂದ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲಿನಲ್ಲಿ ಓಡುತ್ತ ಹೊರಟವನು. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್. 143 ದಿನ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ, ಥಂಡರ್ ಬೇ ಹತ್ತಿರ ನಿಲ್ಲಬೇಕಾಯಿತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 22. ಅವನ ಬಗ್ಗೆ ಹೇಳುವಾಗಲೆಲ್ಲ ನನಗೆ ಕಣ್ಣು ತುಂಬಿ ಬರುತ್ತಿತ್ತು, ನೀನು ಸುಮ್ಮನೆ ಕೇಳುತ್ತಿದ್ದೆ. ಆ ಹುಡುಗ ಜನರ ಮುಂದೆ ಇಟ್ಟದ್ದು ತನ್ನದೇ ಕಾಲನ್ನು. ಇದು ನನಗೆ ಹೊಳೆದದ್ದು ಮೊನ್ನೆ, ಆ ನೀರಿನ ಮೇಜಿನಿಂದ ಮುಂದೆ.

ಇನ್ನೂ ಒಂದಿದೆ. ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ.

ಮೊದಲೆಲ್ಲ ಶನಿವಾರ ನಿನ್ನ ಜೊತೆ ಡಯಾಲಿಸಿಸ್‌ಗೆ ಬಂದು ನಾಲ್ಕು ಗಂಟೆ ಕೂರುತ್ತಿದ್ದೆ. ಅಭ್ಯಾಸ ಶುರುವಾದ ಮೇಲೆ ಶನಿವಾರ ದೂರದ ಓಟದ ದಿನ ಆಯಿತು. ಅದನ್ನು ಭಾನುವಾರಕ್ಕೆ ಹಾಕಿಕೊಳ್ಳಬಹುದಿತ್ತು, ತುಂಬ ಜನ ಹಾಗೇ ಮಾಡುತ್ತಾರೆ. ನಾನು ಬೇಕೆಂದೇ ಶನಿವಾರ ಹಿಡಿದೆ. ಆ ಕುರ್ಚಿಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ ಕಣೋ. ನಿನ್ನ ರಕ್ತ ಆ ಕೊಳವೆಗಳಲ್ಲಿ ಸುತ್ತಿ ಬರುವುದನ್ನು ನೋಡುತ್ತ, ಕೊನೇ ಗಂಟೆಯಲ್ಲಿ ನಿನ್ನ ಮೀನಖಂಡ ಸೆಟೆದು ನೀನು ಹಲ್ಲು ಕಚ್ಚುವಾಗ ಏನು ಮಾಡಬೇಕೆಂದು ತಿಳಿಯದೆ ಕೂತಿರುವುದು. ಓಡುವುದರಲ್ಲಿ ಏನಾದರೂ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ನಿನಗಾಗಿ ಓಡುತ್ತಿದ್ದೇನೆ ಅಂತ ಎಲ್ಲರಿಗೂ ಹೇಳಿ, ಐದು ತಿಂಗಳು ನಿನ್ನ ಹತ್ತಿರ ಬಾರದೆ ಉಳಿದೆ. ನೀನು ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ.

ತಪ್ಪಾಯಿತು.

ಈ ಪತ್ರವನ್ನು ನಿನ್ನೆ ಮೊದಲು ನಿನಗೇ ಕಳಿಸಿ, ಎಲ್ಲರ ಮುಂದೆ ಹಾಕಬಹುದಾ ಅಂತ ಕೇಳಿದೆ. ಎರಡು ಗಂಟೆ ಉತ್ತರ ಬರಲಿಲ್ಲ, ನನಗೆ ಜೀವವೇ ಹೋದಂತಾಗಿತ್ತು. ಆಮೇಲೆ ಬಂತು: "ನಿದ್ದೆ ಬಂದಿತ್ತು. ಹಾಕು. ಫೋಟೊನೂ ಇರಲಿ, ಕೈ ಚೆನ್ನಾಗಿ ಬಂದಿದೆ. ಛತ್ರಿ ವಿಷಯ ಮಾತ್ರ ತೆಗೀಬೇಡ."

ತೆಗೆದಿಲ್ಲ, ನೋಡು. ಶನಿವಾರ ಬರುತ್ತೇನೆ, ನಿನಗಿಂತ ಮೊದಲೇ ಬಾಗಿಲ ಹತ್ತಿರ ಇರುತ್ತೇನೆ. ಮೀನಖಂಡ ಸೆಟೆದರೆ ಹೇಗೆ ನೀವಬೇಕು ಅಂತ ಈ ಐದು ತಿಂಗಳಲ್ಲಿ ಚೆನ್ನಾಗಿ ಕಲಿತಿದ್ದೇನೆ. ಆ ಕಪ್ಪು ಉಗುರನ್ನೂ ತೋರಿಸುತ್ತೇನೆ, ಅದು ಅಷ್ಟರೊಳಗೆ ಬೀಳದಿದ್ದರೆ. ನೀನು ಅದಕ್ಕೆ ಯಾರ ಹೆಸರಿಡುತ್ತೀಯ ಅಂತ ನನಗೆ ಈಗಲೇ ಗೊತ್ತು.

ನಿನ್ನ,
ಛತ್ರಿ ತಂದವನು