ಉಪನ್ಯಾಸಕರ ಸಂಭಾವನೆಯನ್ನು ನಾವೇ ಕೊಡೋಣ

ಮಾನ್ಯರೇ,

ವೈದ್ಯರು ಐದು ವರ್ಷಕ್ಕೆ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೃತ್ತಿನೀತಿ ನಿಯಮಾವಳಿ ಹೇಳಿತು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗಿನ ವೈದ್ಯರು ಭಾನುವಾರ ಸಭಾಂಗಣಗಳಲ್ಲಿ ಸೇರುವುದು ಇದಕ್ಕಾಗಿಯೇ. ಪಾಠ ಹೇಳಲು ಹೆಚ್ಚಾಗಿ ಮಂಗಳೂರಿನ ತಜ್ಞರು ಬರುತ್ತಾರೆ. ವಾರದ ಒಂದು ರಜೆಯನ್ನೂ ಬಿಟ್ಟು, ತಲಪಾಡಿ ದಾಟಿ ಬಂದವರಿಗೆ ಸಂಘಟಕರು ಕೊಡುವುದು ಶಾಲು, ಹಾರ, ಗಾಜಿನದೊಂದು ಸ್ಮರಣಿಕೆ. ಕಾರಿನ ಬಾಡಿಗೆ, ಹೋಟೆಲ್ ಕೋಣೆ, ಲಕೋಟೆ ಇತ್ಯಾದಿಗಳನ್ನು ಎಷ್ಟೋ ಕಡೆ ಹಿಂದಿನ ಸಾಲಿನಲ್ಲಿ ನಿಂತಿರುವ ಔಷಧ ಕಂಪನಿಯ ಪ್ರತಿನಿಧಿಯೇ ನೋಡಿಕೊಳ್ಳುತ್ತಾನೆ.

ವೈದ್ಯರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲೇ ನಿಯಮ ತಂದಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಔಷಧ ಇಲಾಖೆ ಔಷಧ ಕಂಪನಿಗಳ ಮಾರಾಟ ಪ್ರಚಾರಕ್ಕೆಂದು ಹೊರಡಿಸಿದ ಏಕರೂಪ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಕೇಳಲು ಹೋಗುವವರಿಗೆ ನಿಷಿದ್ಧವಾದ ಪ್ರಯಾಣ ವೆಚ್ಚ, ಹೋಟೆಲ್ ವಾಸ್ತವ್ಯಗಳಿಗೆ ಉಪನ್ಯಾಸಕರ ಮಟ್ಟಿಗೆ ಅಲ್ಲಿ ವಿನಾಯಿತಿ ಇದೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು.

ಹಣ ಪಡೆದ ತಜ್ಞರೆಲ್ಲ ಕಂಪನಿಯ ತುತ್ತೂರಿ ಊದುತ್ತಾರೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ವಿಷಯದ ಆಯ್ಕೆಯ ಬಗ್ಗೆ. ಮಧುಮೇಹದ ಹೊಸ ಮಾತ್ರೆ, ಕೊಲೆಸ್ಟರಾಲ್‌ನ ಹೊಸ ಚುಚ್ಚುಮದ್ದು ಎಂದರೆ ಪ್ರಾಯೋಜಕರು ತಾವಾಗಿಯೇ ಬರುತ್ತಾರೆ. ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿದವನನ್ನು ರಾತ್ರಿ ಹೊತ್ತು ತಂದಾಗ ಮಾಡಬೇಕಾದ ಪರೀಕ್ಷೆಗೆ ಬೇಕಾದುದು ಒಣಗಿದ, ಶುಭ್ರವಾದ ಗಾಜಿನ ನಳಿಕೆ ಮಾತ್ರ. ಅದರಲ್ಲಿ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಕೊಡಲು ತಡಮಾಡಬಾರದು. ಇದನ್ನು ಕಲಿಸಿದರೆ ಯಾವ ಕಂಪನಿಗೆ ಏನು ಲಾಭ? ಮಳೆಗಾಲದ ಇಲಿಜ್ವರಕ್ಕೂ ಹಳೆಯ, ಅಗ್ಗದ ಔಷಧಗಳೇ ಸಾಕು. ಎಣ್ಮಕಜೆಯ ಎಂಡೋಸಲ್ಫಾನ್ ಪೀಡಿತರ ಮನೆಗಳಲ್ಲಿ ಹಾಸಿಗೆ ಹಿಡಿದವರ ಮೈ ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮವನ್ನು ನಮಗೆ ಕಲಿಸಬಲ್ಲವರು ಉಪಶಾಮಕ ಆರೈಕೆಯ ದಾದಿಯರು. ಅವರನ್ನು ವೇದಿಕೆಗೆ ಕರೆಯುವುದೇ ಅಪರೂಪ. ಕರೆದರೂ ಲಕೋಟೆಯ ಮಾತು ದೂರ.

ಪರಿಹಾರ ಕಷ್ಟದ್ದೇನಲ್ಲ. 60 ವೈದ್ಯರು ತಲಾ 300 ರೂಪಾಯಿ ಕೊಟ್ಟರೆ 18,000 ಆಗುತ್ತದೆ. ಊಟದಲ್ಲಿ ಎರಡು ಬಗೆ ಕಡಿಮೆಯಾದರೂ ಚಿಂತೆಯಿಲ್ಲ, ಅದರಲ್ಲೇ ಉಪನ್ಯಾಸಕರಿಗೆ ಮರ್ಯಾದೆಯ ಸಂಭಾವನೆ ಮತ್ತು ಪ್ರಯಾಣ ವೆಚ್ಚ ಕೊಡಬಹುದು. ವಿದ್ಯಾದಾನಕ್ಕೆ ಬೆಲೆ ಕಟ್ಟುವುದೇ ಎಂದು ಮುಖ ಸಿಂಡರಿಸುವ ಹಿರಿಯರಿದ್ದಾರೆ. ನಮ್ಮ ಊರಿನ ತಾಳಮದ್ದಳೆಯಲ್ಲಿ ಅರ್ಥಧಾರಿಗೆ ಸಂಭಾವನೆ ಕೊಡುತ್ತೇವೆ, ಅದರಿಂದ ಭೀಷ್ಮನ ಮಾತಿನ ತೂಕ ತಗ್ಗಿದ್ದನ್ನು ನಾನು ಕಂಡಿಲ್ಲ. ಬೇಡವೆನ್ನುವವರು ಅದನ್ನು ಸಂಘದ ನಿಧಿಗೆ ಮರಳಿಸಲಿ.

ಅಮೆರಿಕದಲ್ಲಿ 2010ರ ಕಾನೂನಿನ ಪ್ರಕಾರ, ಕಂಪನಿಗಳು ಯಾವ ವೈದ್ಯರಿಗೆ ಎಷ್ಟು ಕೊಟ್ಟವೆಂಬುದನ್ನು ಜನರೇ ನೋಡಬಹುದು. ಅಂಥ ಕಾನೂನು ಇಲ್ಲಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಜಿಲ್ಲೆಯ ವೈದ್ಯ ಸಂಘಟನೆಗಳು ಮುಂದಿನ ಕಾರ್ಯಕ್ರಮದ ಆಮಂತ್ರಣದಲ್ಲೇ ಉಪನ್ಯಾಸಕರ ಹೆಸರಿನ ಕೆಳಗೆ ಸಂಭಾವನೆಯ ಮೊತ್ತವನ್ನೂ ಅದನ್ನು ಕೊಡುವವರು ಯಾರೆಂಬುದನ್ನೂ ಮುದ್ರಿಸಲಿ.

– ಓರ್ವ ವೈದ್ಯ, ಬದಿಯಡ್ಕ