ಒಂದೇ ಕಾದಂಬರಿಯ 12 ಪ್ರತಿ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳು ಪಠ್ಯಪುಸ್ತಕ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳುತ್ತೇನೆ. ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಐದನೇ ತರಗತಿಯ ಶಿಕ್ಷಕಿ. ನಮ್ಮ ಕ್ಲಾಸಿನ ಕಥೆ ಸ್ವಲ್ಪ ಬೇರೆ.

ಜುಲೈನಲ್ಲಿ ತೇಜಸ್ವಿಯವರ ‘ಕರ್ವಾಲೊ’ ಓದಲು ಶುರು ಮಾಡಿದೆ. ದಿನಾ ಊಟದ ನಂತರ 20 ನಿಮಿಷ, ಗಟ್ಟಿಯಾಗಿ. 1980ರ ಕಾದಂಬರಿ, ಬರೆದದ್ದು ದೊಡ್ಡವರಿಗೆ, ಗೊತ್ತು. ವಿಕಾಸ, ಕಾಲ ಅಂತ ಚರ್ಚೆ ಬರುವ ಪುಟಗಳನ್ನು ಹಾರಿಸಿಯೇ ಓದಿದೆ. ಆದರೆ ಜೇನಿನ ಮಂದಣ್ಣ, ಕಿವಿ ಎಂಬ ನಾಯಿ, ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಟ ಜನ, ಇದನ್ನೆಲ್ಲ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟದಲ್ಲಿ ಹಾರುವ ಓತಿ ನೋಡಿದವರೇ ನಾಲ್ಕು ಜನ ಇದ್ದಾರೆ. ‘ಅದು ರೆಕ್ಕೆ ಬಡಿಯಲ್ಲ ಮಿಸ್, ಪಕ್ಕೆ ಚರ್ಮ ಬಿಚ್ಕೊಂಡು ಜಾರುತ್ತೆ’ ಎಂದು ನನಗೇ ಪಾಠ ಮಾಡಿದರು.

ಕುತೂಹಲ ಕೆರಳುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಮುಂದೇನಾಯಿತು, ನೀವೇ ಐದು ಸಾಲು ಬರೆಯಿರಿ. ಬೋರ್ಡ್ ನೋಡಿ ಬರೆಯುವುದು ಬಿಟ್ಟು ಸ್ವಂತ ಒಂದು ಸಾಲೂ ಬರೆಯದಿದ್ದ ಹುಡುಗ ಎದ್ದು ಓದಿದ: ‘ಮರದ ಮೇಲೆ ದೊಡ್ಡ ಅಲ್ಲಿ ಕೂತಿತ್ತು.’

‘ಎಲ್ಲೋ?’ ಎಂದಳು ಮುಂದಿನ ಬೆಂಚಿನವಳು.

‘ಅಲ್ಲಿ ಕಣೇ! ಗೋಡೆ ಮೇಲೆ ಲೊಚಗುಟ್ಟುತ್ತಲ್ಲ, ಆ ಅಲ್ಲಿ!’

ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ತಾನೇ ಕೂತು ‘ಹ’ ತಿದ್ದಿಕೊಂಡು ಬಂದ. ಎಷ್ಟು ಸಲ ಕಾಪಿ ಬರೆಸಿದ್ದರೂ ಕೂರದಿದ್ದ ಹಕಾರ ಅದು. (ಅಲ್ಲಿ ಇರಬೇಕಾದದ್ದು ಹಲ್ಲಿಯಲ್ಲ, ಓತಿ. ಅದನ್ನು ಅವತ್ತು ನಾನು ಎತ್ತಲಿಲ್ಲ.)

ತಪಾಸಣೆಗೆ ಬಂದವರೊಬ್ಬರು ‘ಇದು ಎಷ್ಟನೇ ಪಾಠ ಮೇಡಂ?’ ಎಂದು ಕೇಳಿದರು. ಮಕ್ಕಳ ನೋಟ್‌ಬುಕ್ ಮುಂದಿಟ್ಟೆ. ಎರಡು ಪುಟ ತಿರುವಿ ಸುಮ್ಮನಾದರು.

ಈಗ ನನ್ನ ಬೇಡಿಕೆ. ಕ್ಲಾಸಿನಲ್ಲಿ 23 ಮಕ್ಕಳು, ಇರುವುದು ನನ್ನದೊಂದೇ ಪ್ರತಿ, ಅದರ ರಟ್ಟು ಈಗಾಗಲೇ ಕಿತ್ತಿದೆ. ಶಾಲೆಯ ಬೀರು ತುಂಬಾ ಪುಸ್ತಕ ಇದೆ. ಎಲ್ಲದರದ್ದೂ ಒಂದೊಂದೇ ಪ್ರತಿ, ಜಾಸ್ತಿ ಮಹಾಪುರುಷರ ಜೀವನ ಮತ್ತು ಸಾಮಾನ್ಯ ಜ್ಞಾನ. ನಾನು ಓದುವಾಗ ಮಕ್ಕಳ ಬೆರಳೂ ಅದೇ ಸಾಲಿನ ಮೇಲೆ ಓಡಬೇಕು ಅಲ್ವಾ? ಮುಂದಿನ ಸಲ ಶಾಲೆಗಳಿಗೆ ಪುಸ್ತಕ ಕೊಳ್ಳುವಾಗ ಒಂದೇ ಒಂದು ಸಾಹಸದ ಕಾದಂಬರಿಯನ್ನು ಇಬ್ಬರಿಗೊಂದರಂತೆ ಕೊಡಲಿ. ನಮಗೆ 12 ಸಾಕು. ಯಾವ ಕಾದಂಬರಿ ಎಂಬುದನ್ನು ಆಯಾ ಊರಿನ ಶಿಕ್ಷಕರಿಗೇ ಬಿಡಲಿ. ಕಾರವಾರದ ಮಕ್ಕಳಿಗೆ ಕಡಲಿನ ಕಥೆ ಬೇಕಾಗಬಹುದು.

ಕೊನೆಯ ಅಧ್ಯಾಯ ಇನ್ನೂ ಓದಿಲ್ಲ. ಓತಿ ಸಿಕ್ಕಿತೋ ಇಲ್ಲವೋ ಬರೆಯಿರಿ ಎಂದಿದ್ದೆ. 18 ಮಕ್ಕಳು ಹಿಡಿದು ಶೀಶೆಗೆ ಹಾಕಿದ್ದಾರೆ. ನಾಲ್ವರ ಕೈಗೆ ಸಿಕ್ಕಿಲ್ಲ. ನಮ್ಮ ಹಲ್ಲಿಯ ಹುಡುಗ ಮಾತ್ರ ಹಿಡಿದು, ಹೊಟ್ಟೆ ಸವರಿ, ಮತ್ತೆ ಅಡಿಕೆ ಮರಕ್ಕೇ ಬಿಟ್ಟಿದ್ದಾನೆ. ಸೋಮವಾರ ಓದುತ್ತೇನೆ.

– ಒಬ್ಬ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು